ಪಾಲಕತ್ವದ ಆದೇಶವು ವಿಮಾನ ಏರುವುದಿಲ್ಲ

ಅನಾಥ ಸಂರಕ್ಷಣೆಯ ಕುರಿತು ನಮ್ಮ ಸಮುದಾಯಕ್ಕೆ ಉಪದೇಶದ ಕೊರತೆಯಿಲ್ಲ. ಅನಾಥನನ್ನು ಪೋಷಿಸುವವನು ಸ್ವರ್ಗದಲ್ಲಿ ತನಗೆ ಅತ್ಯಂತ ಸಮೀಪದಲ್ಲಿರುವನೆಂದು ಪ್ರವಾದಿ(ಸ) ಎರಡು ಬೆರಳುಗಳನ್ನು ತೋರಿಸಿ ಹೇಳಿದ್ದನ್ನು ಮಿಂಬರ್‌ಗಳಿಂದ ಎಷ್ಟು ಬಾರಿ ಕೇಳಿಲ್ಲ? ಆದರೆ ಆ ಅನಾಥನಿಗೆ ವೀಸಾ ದೊರೆಯದಿದ್ದರೆ ಏನು ಮಾಡಬೇಕೆಂದು ಯಾವ ಖುತ್ಬಾದಲ್ಲಿಯೂ ಹೇಳಿದಂತಿಲ್ಲ. ಈ ಪ್ರಶ್ನೆ ಇಂದು ಕೇವಲ ಶ್ರೀಮಂತರದ್ದಲ್ಲ. ವೈಟ್‌ಫೀಲ್ಡ್, ಇಲೆಕ್ಟ್ರಾನಿಕ್ ಸಿಟಿಗಳ ಕಂಪೆನಿಗಳಲ್ಲಿ ದುಡಿಯುವ ನಮ್ಮ ಯುವ ದಂಪತಿಗಳನ್ನು ಕಂಪೆನಿಯು ಯಾವ ತಿಂಗಳು ಡಲ್ಲಾಸ್‌ಗೋ ದುಬೈಗೋ ಕಳುಹಿಸುವುದೆಂದು ಅವರಿಗೇ ತಿಳಿದಿರುವುದಿಲ್ಲ.

ಮುಸ್ಲಿಮ್ ದಂಪತಿಯೊಂದು ಮಗುವನ್ನು ಸಾಕಲು ಮುಂದಾದರೆ ವಕೀಲರು ಸಾಮಾನ್ಯವಾಗಿ ತೋರಿಸುವ ದಾರಿ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ. 1956ರ ಹಿಂದೂ ದತ್ತು ಕಾಯ್ದೆ ಮುಸ್ಲಿಮರಿಗೆ ಅನ್ವಯಿಸುವುದಿಲ್ಲವಾದ್ದರಿಂದ ಬಹುಕಾಲ ಬೇರೆ ದಾರಿಯೂ ಇರಲಿಲ್ಲ. ಆ ಕಾಯ್ದೆಯಡಿ ನ್ಯಾಯಾಲಯವು ನಿಮ್ಮನ್ನು ಪಾಲಕರೆಂದು ನೇಮಿಸುತ್ತದೆ, ತಂದೆ-ತಾಯಿಯೆಂದಲ್ಲ. ಮಗುವಿಗೆ 18 ತುಂಬಿದಾಗ ಆ ಸಂಬಂಧ ಕಾನೂನಿನ ದೃಷ್ಟಿಯಲ್ಲಿ ಮುಗಿಯುತ್ತದೆ. ಅದರ 26ನೇ ಕಲಮಿನ ಪ್ರಕಾರ, ನ್ಯಾಯಾಲಯದ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯ ಹೊರಗೆ ಕರೆದೊಯ್ಯುವಂತಿಲ್ಲ. ಅನುಮತಿ ದೊರೆತರೂ ಸಮಸ್ಯೆ ತೀರದು. ಅಮೇರಿಕದ ವಲಸೆ ಕಾನೂನಿನಲ್ಲಿ ಅವಲಂಬಿತ ಮಗುವೆಂದು ಪರಿಗಣಿಸಲ್ಪಡಲು ಸಾಮಾನ್ಯವಾಗಿ 16 ವರ್ಷದೊಳಗೆ ನಡೆದ ದತ್ತು ಮತ್ತು ಎರಡು ವರ್ಷಗಳ ಕಾನೂನುಬದ್ಧ ಸುಪರ್ದಿ ಹಾಗೂ ಸಹವಾಸ ಬೇಕು. ಪಾಲಕತ್ವದ ಆದೇಶ ಅಲ್ಲಿ ದತ್ತು ಎನಿಸಿಕೊಳ್ಳುವುದಿಲ್ಲ. ದಂಪತಿ ಹೋಗುತ್ತಾರೆ, ಮಗು ಅಜ್ಜಿಯ ಬಳಿ ಉಳಿಯುತ್ತದೆ.

ವಿಚಿತ್ರವೆಂದರೆ, ಒಂದು ಕಾಲದಲ್ಲಿ ವಿದೇಶೀಯರೂ ಇದೇ 1890ರ ಕಾಯ್ದೆಯಡಿ ಪಾಲಕತ್ವ ಪಡೆದು ಭಾರತದ ಮಕ್ಕಳನ್ನು ಕರೆದೊಯ್ದು ತಮ್ಮ ದೇಶದಲ್ಲಿ ದತ್ತು ಸ್ವೀಕರಿಸುತ್ತಿದ್ದರು. ಅದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಕುರಿತು ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ, 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ವಿವರವಾದ ನಿಯಮಗಳನ್ನು ವಿಧಿಸಿದರು. ಕೇಂದ್ರ ದತ್ತು ಪ್ರಾಧಿಕಾರವಾದ ‘ಕಾರಾ’ ಹುಟ್ಟಿದ್ದು ಆ ತೀರ್ಪಿನ ಹಿನ್ನೆಲೆಯಲ್ಲೇ. 2003ರಲ್ಲಿ ಭಾರತವು ಹೇಗ್ ಒಡಂಬಡಿಕೆಯನ್ನು ಅನುಮೋದಿಸಿತು. ಇಂದಿನ ಕಾಗದಪತ್ರಗಳ ರಾಶಿಯನ್ನು ಶಪಿಸುವವರು ಇದನ್ನು ನೆನಪಿಡಬೇಕು. ಅದರಲ್ಲಿ ಬಹುಪಾಲು, ಮಕ್ಕಳು ಮಾರಾಟವಾಗಬಾರದೆಂದು ಹುಟ್ಟಿಕೊಂಡದ್ದು. ಪೀಣ್ಯದ ಶೆಡ್ಡಿನಲ್ಲಿ ವಾಸಿಸುವ ಬಡ ತಾಯಿಯೊಬ್ಬಳು ಮಗುವನ್ನು ಒಪ್ಪಿಸಿದರೆ, ಮನಸ್ಸು ಬದಲಿಸಲು ಆಕೆಗೆ ಎರಡು ತಿಂಗಳ ಅವಕಾಶ ಕೊಡುವುದು ಈ ಕಾನೂನೇ. ಆ ಎರಡು ತಿಂಗಳು ಕಾಯುವವರಿಗೆ ದೀರ್ಘ, ಆಕೆಗೆ ಅದೇ ಕೊನೆಯ ಆಸರೆ.

ಮುಸ್ಲಿಮರಿಗೆ ಇನ್ನೊಂದು ಬಾಗಿಲು ತೆರೆದದ್ದು 2000ದ ಬಾಲನ್ಯಾಯ ಕಾಯ್ದೆ ಮತ್ತು ಅದರ 2006ರ ತಿದ್ದುಪಡಿಯಿಂದ. 2014ರ ಫೆಬ್ರವರಿಯಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಈ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದು, ಆದರೆ ಯಾರನ್ನೂ ಬಲವಂತಪಡಿಸುವುದಿಲ್ಲ ಎಂದು ಹೇಳಿತು. ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯು ‘ಕಫಾಲ’ದ ವಾದವನ್ನು ಅಲ್ಲಿ ಮಂಡಿಸಿತ್ತು. ಪೋಷಣೆ ಪೂರ್ಣವಾಗಿರಲಿ, ಮಗು ಮಾತ್ರ ಹೆತ್ತವರ ಸಂತಾನವಾಗಿಯೇ ಉಳಿಯಲಿ ಎಂಬುದು ಅದರ ಸಾರ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಕಫಾಲವನ್ನು ಹೆಸರಿಸಿ ಮಾನ್ಯ ಮಾಡಿದೆ. ಆದರೆ ಹೇಗ್ ಒಡಂಬಡಿಕೆ ಅದನ್ನು ಒಳಗೊಂಡಿಲ್ಲ. 2013ರಲ್ಲಿ ಕೆನಡಾ ಇದೇ ಕಾರಣವನ್ನು ಮುಂದಿಟ್ಟು ಪಾಕಿಸ್ತಾನದಿಂದ ದತ್ತು ಪಡೆಯುವುದನ್ನು ನಿಲ್ಲಿಸಿತು. ಕೊಲ್ಲಿಯ ದೊಡ್ಡ ರಾಷ್ಟ್ರಗಳಂತೂ ಆ ಒಡಂಬಡಿಕೆಯಲ್ಲೇ ಇಲ್ಲ.

ಈ ಬಾಗಿಲಿನಿಂದ ಹೋಗುವವರಿಗೂ ತಾಳ್ಮೆ ಬೇಕು. ಕಾರಾದಲ್ಲಿ ನೋಂದಣಿ, ಸಮಾಜ ಕಾರ್ಯಕರ್ತರು ಮನೆಗೆ ಬಂದು ಬರೆಯುವ ವರದಿ, ಆದಾಯ, ಆರೋಗ್ಯ ಮತ್ತು ವಿವಾಹದ ದಾಖಲೆಗಳು, ಬಳಿಕ ಸರದಿ. ಹಸುಳೆ ಬೇಕೆನ್ನುವವರು ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಯುವುದುಂಟು. ಅನಿವಾಸಿ ಭಾರತೀಯರಿಗೂ ಸರದಿಯಲ್ಲಿ ಇಲ್ಲಿನವರಷ್ಟೇ ಸ್ಥಾನ. 2022ರ ಸೆಪ್ಟೆಂಬರ್‌ನಿಂದ ಆದೇಶ ನೀಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ, ಅದೂ ಎರಡು ತಿಂಗಳೊಳಗೆ ಎಂದು ನಿಯಮ. ವೈಟ್‌ಫೀಲ್ಡ್, ಪೀಣ್ಯ, ಇಲೆಕ್ಟ್ರಾನಿಕ್ ಸಿಟಿ ಮೂರೂ ಬೆಂಗಳೂರು ನಗರ ಜಿಲ್ಲೆಯ ಜಿಲ್ಲಾಧಿಕಾರಿಯ ವ್ಯಾಪ್ತಿಗೇ ಸೇರುತ್ತವೆ. ವಿದೇಶಕ್ಕೆ ಹೋಗುವ ಮಗುವಿಗೆ ಕಾರಾದ ನಿರಾಕ್ಷೇಪಣಾ ಪತ್ರ ಬೇಕು. ಮುಂದಿನ ಎರಡು ವರ್ಷ ಮಗುವಿನ ಕ್ಷೇಮದ ವರದಿ ಅಲ್ಲಿಂದ ಬರುತ್ತಿರಬೇಕು.

ನಮ್ಮವರು ಎಡವುವುದು ಮುಖ್ಯವಾಗಿ ಬಂಧುಗಳ ನಡುವೆ. ಅಣ್ಣ ವಿದೇಶದಲ್ಲಿ, ಮಕ್ಕಳಿಲ್ಲ. ತಂಗಿಗೆ ನಾಲ್ಕನೆಯದು ಹುಟ್ಟಿದೆ. ಹಿರಿಯರು ಕುಳಿತು ತೀರ್ಮಾನಿಸುತ್ತಾರೆ, ನೋಟರಿಯ ಬಳಿ ಛಾಪಾ ಕಾಗದದಲ್ಲಿ ಬರೆಸಿ ಎಲ್ಲವೂ ಮುಗಿಯಿತೆಂದು ತಿಳಿಯುತ್ತಾರೆ. ಆ ಕಾಗದಕ್ಕೆ ಯಾವ ರಾಯಭಾರ ಕಚೇರಿಯೂ ಬೆಲೆ ಕೊಡದು. ಆದರೆ 2015ರ ಬಾಲನ್ಯಾಯ ಕಾಯ್ದೆಯ 60ನೇ ಕಲಮಿನಲ್ಲಿ ವಿದೇಶದಲ್ಲಿರುವ ಬಂಧುವು ದತ್ತು ಪಡೆಯುವುದಕ್ಕೆ ಪ್ರತ್ಯೇಕ ಅವಕಾಶವಿದೆ. ಚಿಕ್ಕಪ್ಪ, ಮಾವ, ಅತ್ತೆ, ಚಿಕ್ಕಮ್ಮ, ಅಜ್ಜ-ಅಜ್ಜಿ ಇದರಲ್ಲಿ ಸೇರುತ್ತಾರೆ. ಇನ್ನು ನರ್ಸಿಂಗ್ ಹೋಮ್‌ನಿಂದ ನೇರವಾಗಿ ಮಗುವನ್ನು ‘ಪಡೆದುಕೊಂಡು’ ತಮ್ಮ ಹೆಸರಿನಲ್ಲೇ ಜನನ ದಾಖಲೆ ಮಾಡಿಸುವವರ ಬಗ್ಗೆ ಹೇಳುವುದಾದರೆ, ವಿಧಿಬದ್ಧವಲ್ಲದ ದತ್ತಿಗೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಇವೆ. ಧರ್ಮದ ದೃಷ್ಟಿಯಲ್ಲಿಯೂ ಮಗುವಿನ ವಂಶದ ಕುರಿತಾದ ಸುಳ್ಳು ಅದು.

ವಿಶ್ವಾಸಿಯ ಮನಸ್ಸನ್ನು ಕಾಡುವುದು ಕೂಡಾ ಇದೇ. ಸಾಕುಮಕ್ಕಳನ್ನು ಅವರ ತಂದೆಯಂದಿರ ಹೆಸರಿನಿಂದಲೇ ಕರೆಯಬೇಕೆಂದು ಪವಿತ್ರ ಕುರ್‌ಆನ್‌ನ ಅಹ್‌ಝಾಬ್ ಅಧ್ಯಾಯವು ಆದೇಶಿಸುತ್ತದೆ. ಬಾಲನ್ಯಾಯ ಕಾಯ್ದೆಯ ದತ್ತಿನಲ್ಲಾದರೋ ಮಗು ಎಲ್ಲ ರೀತಿಯಲ್ಲಿಯೂ ದತ್ತು ಪಡೆದವರದ್ದಾಗುತ್ತದೆ. ಈ ಅಂತರವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮಗುವಿಗೆ ಅದರ ಮೂಲವನ್ನು ಹೇಳಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಆಸ್ತಿಯ ವಿಷಯದಲ್ಲಿ ಜೀವಿತಾವಧಿಯಲ್ಲೇ ಹಿಬಾ ಮಾಡಬಹುದು, ಮೂರನೇ ಒಂದರಷ್ಟು ವಸಿಯ್ಯತ್ ಬರೆಯಬಹುದು. ಯಾವುದು ಸಮ್ಮತ, ಯಾವುದು ಅಲ್ಲ ಎಂದು ವಿದ್ವಾಂಸರು ಸ್ಪಷ್ಟವಾಗಿ ಹೇಳಲಿ. ‘ದತ್ತು ಹರಾಮ್’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರೆ ಆ ದಂಪತಿ ನೋಟರಿಯ ಬಳಿಗೇ ಮರಳುತ್ತಾರೆ.

ಸರಕಾರಕ್ಕೂ ಹೊಣೆಯಿದೆ. ಹಿಂದೂ ಕಾಯ್ದೆಯಡಿ ದತ್ತಾದ ಮಕ್ಕಳನ್ನು ವಿದೇಶಕ್ಕೆ ಕರೆದೊಯ್ಯಲು ನಿರಾಕ್ಷೇಪಣಾ ಪತ್ರ ನೀಡುವ ವ್ಯವಸ್ಥೆಯನ್ನು 2021ರಲ್ಲಿ ಕಾರಾ ನಿಯಮಗಳಿಗೆ ಸೇರಿಸಲಾಯಿತು. ನ್ಯಾಯಾಲಯದಿಂದಲೇ ಪಾಲಕತ್ವ ಪಡೆದ ಮುಸ್ಲಿಮ್ ಕುಟುಂಬಕ್ಕೂ, ತನಿಖೆಯ ಬಳಿಕ ಅಂತಹ ಒಂದು ಪತ್ರ ಏಕೆ ಸಾಧ್ಯವಿಲ್ಲ? ನಮ್ಮ ಸಂಸದರು ಇದನ್ನು ಕೇಳಬೇಕಾಗಿದೆ. ಅದಕ್ಕೂ ಮುನ್ನ ನಮ್ಮ ಯತೀಮ್‌ಖಾನಾಗಳು ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡು, ತಮ್ಮಲ್ಲಿರುವ ಪ್ರತಿಯೊಂದು ಮಗುವಿನ ವಿವರವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದಿಡಬೇಕು. ಹಾಗೆ ಮಾಡದ ಸಂಸ್ಥೆಯಲ್ಲಿರುವ ಮಗುವಿನ ಹೆಸರು, ಸರದಿಯಲ್ಲಿ ಮೂರು ವರ್ಷದಿಂದ ಕಾಯುತ್ತಿರುವ ಯಾವ ಮುಸ್ಲಿಮ್ ದಂಪತಿಗೂ ಎಂದೂ ತಲುಪುವುದಿಲ್ಲ.