ಬಿಟ್ಟಿದ್ದು ಮೂರು, ಏರಿದ್ದು ತೂಕ

ನ್ಯಾಮತಿ ಕಡೆಯ ಗೃಹಿಣಿಯೊಬ್ಬರು ಎಂದಿಟ್ಟುಕೊಳ್ಳಿ. ವಯಸ್ಸು ನಲವತ್ತು ದಾಟಿದೆ. ಶೇಂಗಾ ತಿಂದರೆ ಮೈಯೆಲ್ಲ ದದ್ದು, ಮೊಟ್ಟೆ ತಿಂದರೆ ತುಟಿ ಊತ, ಹಾಲು ಕುಡಿದರೆ ಹೊಟ್ಟೆಯುಬ್ಬರ. ಮೂರನ್ನೂ ಬಿಟ್ಟರು. ತೂಕ ಮಾತ್ರ ಏರುತ್ತಲೇ ಹೋಯಿತು. ಕತ್ತಿನ ಹಿಂದೆ ತಿಕ್ಕಿದರೂ ಹೋಗದ ಕಪ್ಪು. 'ಏನೂ ತಿನ್ನೋದಿಲ್ಲ, ಆದರೂ ದಪ್ಪ ಆಗ್ತಿದೀನಿ' ಎಂದರೆ ಮನೆಯವರೇ ನಗುತ್ತಾರೆ.

ನಗುವ ಮಾತಲ್ಲ. ಆ ಕಪ್ಪು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವ ಸೂಚನೆ ಇರಬಹುದು. ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವುದು ಇನ್ಸುಲಿನ್ ಕೆಲಸ. ಸ್ನಾಯು, ಯಕೃತ್ತುಗಳು ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ. ಇನ್ಸುಲಿನ್ ಏರಿದ್ದಾಗ ಶೇಖರವಾದ ಕೊಬ್ಬು ಸುಲಭವಾಗಿ ಕರಗದು. ಭಾರತೀಯರಲ್ಲಿ ಹೊಟ್ಟೆಯ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು.

ಉಳಿದ ಕಾರಣ ತಟ್ಟೆಯಲ್ಲೇ ಇದೆ. ಶೇಂಗಾ, ಮೊಟ್ಟೆ, ಹಾಲಿನ ಜೊತೆ ಹೋದದ್ದು ಪ್ರೋಟೀನು. ಆ ಜಾಗಕ್ಕೆ ಬಂದದ್ದು ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಎರಡು ಪಾಲು ಅನ್ನ, ಸಂಜೆ ಮಂಡಕ್ಕಿ. ಮಂಡಕ್ಕಿ ಕೈಗೆ ಹಗುರ, ನಿಜ. ಆದರೆ ಅದೂ ಅಕ್ಕಿಯೇ. ಹೊಟ್ಟೆಗೆ ಬಿದ್ದೊಡನೆ ಬೇಗ ಸಕ್ಕರೆಯಾಗುತ್ತದೆ.

ಹಾಗಾದರೆ ಮಾಡುವುದೇನು? ಮೊದಲು, ಅಲರ್ಜಿ ನಿಜವೇ ಎಂದು ತಿಳಿಯಬೇಕು. ಹಾಲಿನಿಂದ ಬರಿ ಹೊಟ್ಟೆಯುಬ್ಬರವಾದರೆ ಅದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ ಇರಬಹುದು. ಅಂಥವರಲ್ಲಿ ಎಷ್ಟೋ ಮಂದಿಗೆ ಮಜ್ಜಿಗೆ ಒಗ್ಗುತ್ತದೆ. ಚರ್ಮದ ಪರೀಕ್ಷೆಯ ಫಲಿತಾಂಶವೊಂದೇ ಸಾಕ್ಷಿಯಲ್ಲ, ತಿಂದಾಗ ಏನಾಯಿತೆಂಬುದೂ ಮುಖ್ಯ. ಐಜಿಜಿ ಪರೀಕ್ಷೆಯ ಉದ್ದನೆಯ ಪಟ್ಟಿ ನೋಡಿ ಆಹಾರ ಬಿಡುವುದನ್ನು ಅಲರ್ಜಿ ತಜ್ಞರು ಒಪ್ಪುವುದಿಲ್ಲ.

ಆದರೆ ಶೇಂಗಾದಿಂದ ದದ್ದು, ಮೊಟ್ಟೆಯಿಂದ ತುಟಿಯೂತ ಬಂದರೆ ಹುಡುಗಾಟ ಬೇಡ. ಚಟ್ನಿಪುಡಿಯಲ್ಲಿ, ಎಣ್ಣೆಗಾಯಿಯಲ್ಲಿ, ಗಾಣದ ಎಣ್ಣೆಯಲ್ಲೂ ಶೇಂಗಾ ಅಡಗಿರುತ್ತದೆ. ಉಸಿರು ಕಟ್ಟಿದರೆ, ಗಂಟಲು ಬಿಗಿದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು, ಖಾಲಿಯಾದ ಜಾಗ ತುಂಬುವುದು. ಹೊನ್ನಾಳಿ, ಚನ್ನಗಿರಿಯ ನೀರಾವರಿ ಭತ್ತಕ್ಕೆ ಒಗ್ಗಿದ ಮನೆಯಲ್ಲಿ ಅನ್ನವನ್ನು ಪೂರ್ತಿ ಬಿಡಬೇಕಿಲ್ಲ, ಅರ್ಧಕ್ಕಿಳಿಸಿದರೆ ಸಾಕು. ಜಗಳೂರಿನ ಬೆದ್ದಲು ಹೊಲದ ಜೋಳ, ರಾಗಿ ಬರಲಿ. ಮುದ್ದೆಯೂ ಪಿಷ್ಟವೇ, ಒಂದೇ ಸಾಕು. ಅದರ ಪಕ್ಕದಲ್ಲಿ ಹುರುಳಿ, ಹೆಸರು, ಅಲಸಂದೆ ಕಾಳಿನ ಪಲ್ಯ, ಸೊಪ್ಪಿನ ಸಾರು ದಂಡಿಯಾಗಿರಲಿ. ಶೇಂಗಾ ಕೂಡ ದ್ವಿದಳದ ಜಾತಿ. ಹಾಗಾಗಿ ಇದುವರೆಗೆ ಒಗ್ಗಿರುವ ಕಾಳು ಮುಂದುವರಿಸಿ, ಹೊಸದನ್ನು ವೈದ್ಯರನ್ನು ಕೇಳಿಯೇ ಶುರು ಮಾಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೂ ಕೇಳಬೇಕು.

ಮೂರನೆಯದು ನಡಿಗೆ. ನಡೆಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಸೆಳೆದುಕೊಳ್ಳುತ್ತದೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ಕೊಟ್ಟ ಗುರಿ ಎರಡೇ: ವಾರಕ್ಕೆ 150 ನಿಮಿಷ ವ್ಯಾಯಾಮ, ಶೇ 7ರಷ್ಟು ತೂಕ ಇಳಿಕೆ. ಕಾಯಿಲೆಗೆ ತುತ್ತಾಗುವ ಸಂಭವ ಶೇ 58ರಷ್ಟು ತಗ್ಗಿತು.

ಎಪ್ಪತ್ತು ಕಿಲೋ ಇರುವವರಿಗೆ ಅದು ಐದು ಕಿಲೋ, ಅಷ್ಟೇ. ಬಿಡುವ ಪಟ್ಟಿ ಎಲ್ಲರ ಮನೆಯಲ್ಲೂ ಇರುತ್ತದೆ. ಬಿಟ್ಟದ್ದರ ಬದಲಿಗೆ ಏನು ಉಣ್ಣಬೇಕೆಂಬ ಪಟ್ಟಿ ಇದ್ದ ಮನೆಯಲ್ಲಿ ತಕ್ಕಡಿಯ ಮುಳ್ಳು ನಿಧಾನವಾಗಿಯಾದರೂ ಕೆಳಗಿಳಿಯುತ್ತದೆ.