ಗುಡವಿಯ ಗೂಡುಗಳೂ ಕ್ಯಾಮೆರಾದ ಹಸಿವೂ

ಮುಂಗಾರು ಹಿಡಿದೊಡನೆ ಸೊರಬ ತಾಲ್ಲೂಕಿನ ಗುಡವಿ ಕೆರೆಯಲ್ಲಿ ಕರಿತಲೆಯ ಕೆಂಬರಲುಗಳು ನೆರೆಯತೊಡಗುತ್ತವೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳೂ ಜೊತೆಗೂಡಿ ನೀರಿನೊಳಗೆ ನಿಂತ ಮರಗಳ ಮೇಲೆ ಗೂಡು ಕಟ್ಟುತ್ತವೆ. ಅವುಗಳ ಬೆನ್ನಿಗೇ ಮತ್ತೊಂದು ವಲಸೆ ಆರಂಭವಾಗುತ್ತದೆ. ಅದು ಮೊಳದುದ್ದದ ಮಸೂರಗಳನ್ನು ಹೊತ್ತು ಬರುವ ಕಾರುಗಳ ವಲಸೆ. ಇದನ್ನು ಪರಿಸರಪ್ರೇಮವೆಂದು ಕರೆಯುವುದು ವಾಡಿಕೆಯಾಗಿದೆ. ಆ ಹೆಸರಿಗೆ ಅದು ಅರ್ಹವೇ ಎಂದು ಕೇಳುವವರು ವಿರಳ.

ಛಾಯಾಗ್ರಾಹಕರ ಸಮರ್ಥನೆ ಸರಳವಾದುದು: ಕೋವಿ ಹಿಡಿದವನು ಕೊಲ್ಲುತ್ತಾನೆ, ಕ್ಯಾಮೆರಾ ಹಿಡಿದವನು ಏನನ್ನೂ ಒಯ್ಯುವುದಿಲ್ಲ. ಆದರೆ ದೇಶದ ಕಾನೂನು ಈ ಮಾತನ್ನು ಪೂರ್ತಿಯಾಗಿ ಒಪ್ಪಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 'ಬೇಟೆ' ಎಂಬ ಪದಕ್ಕೆ ನೀಡಿರುವ ಅರ್ಥದಲ್ಲಿ, ಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದರ ಜೊತೆಗೆ ಮೊಟ್ಟೆಯನ್ನೋ ಗೂಡನ್ನೋ ಕದಡುವುದೂ ಸೇರಿದೆ. ಇದಕ್ಕೆ ಕಾರಣವೂ ಉಂಟು. ಮನುಷ್ಯನು ಹತ್ತಿರ ಬಂದಾಗ ಕಾವು ಕೊಡುತ್ತಿರುವ ಹಕ್ಕಿ ಎದ್ದು ಹಾರುತ್ತದೆ. ಅದು ಮರಳುವಷ್ಟರಲ್ಲಿ ಮಳೆಗೆ ಮೊಟ್ಟೆ ತಣ್ಣಗಾಗುತ್ತದೆ, ಬಿಸಿಲಿದ್ದರೆ ಬೇಯುತ್ತದೆ. ಕಾಗೆಗಳೂ ಗರುಡಗಳೂ ಈ ಕ್ಷಣಕ್ಕಾಗಿಯೇ ಹೊಂಚುತ್ತಿರುತ್ತವೆ. ರೆಕ್ಕೆ ಬಲಿಯದ ಮರಿಗಳು ಬೆದರಿ ಗೂಡಿನಿಂದ ಜಿಗಿದರೆ, ನೀರಿಗೆ ಬಿದ್ದುದನ್ನು ತಾಯಿಹಕ್ಕಿ ಮೇಲೆತ್ತಲಾರದು. ಚಿತ್ರಕ್ಕೆ ಅಡ್ಡಬಂದ ಎಲೆಗೊಂಬೆಯನ್ನು ಸರಿಸಿದರೆ, ಅದೇ ಕೊಂಬೆ ನೀಡುತ್ತಿದ್ದ ನೆರಳೂ ಮರೆಯೂ ಹೋಗುತ್ತವೆ. ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಹೊರಕ್ಕೆಳೆಯುವುದು ಇದೇ ಜಾತಿಯ ಮತ್ತೊಂದು ಕುಯುಕ್ತಿ. ಇನ್ನು ಆಗಸ ತುಂಬಿ ಹಾರುವ ಹಿಂಡಿನ ಚಿತ್ರಗಳು! ಅವುಗಳಲ್ಲಿ ಎಷ್ಟು ಒಂದು ಚಪ್ಪಾಳೆಯಿಂದ ಹುಟ್ಟಿದವೆಂದು ಸ್ಪರ್ಧೆಯ ತೀರ್ಪುಗಾರರು ಕೇಳಿದ್ದರೆ, ಬಹುಮಾನದ ಪಟ್ಟಿ ಬಹಳ ಗಿಡ್ಡವಾಗುತ್ತಿತ್ತು.

ಹಕ್ಕಿ ನೋಡುವುದೇ ತಪ್ಪೆಂದು ಇದರ ಅರ್ಥವಲ್ಲ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದುದು ಸಲೀಂ ಅಲಿಯವರು ಅಲ್ಲಿನ ಹಕ್ಕಿಗಳನ್ನು ಕಂಡು, ಮೈಸೂರಿನ ಅರಸರಿಗೆ ಮನವರಿಕೆ ಮಾಡಿಕೊಟ್ಟುದರಿಂದ. ನೋಟ ಅಲ್ಲಿ ತಿಳಿವಳಿಕೆಯಾಯಿತು, ತಿಳಿವಳಿಕೆ ಕಾವಲಾಯಿತು. ಇಂದಿನ ನೋಟ ಚಿತ್ರವಾಗುತ್ತದೆ, ಚಿತ್ರ ಪ್ರಶಂಸೆಯಾಗುತ್ತದೆ, ಮತ್ತು ಅಲ್ಲಿಗೇ ಮುಗಿಯುತ್ತದೆ.

ಇದಕ್ಕಿಂತ ದೊಡ್ಡ ಆಕ್ಷೇಪವೊಂದಿದೆ. ಕ್ಯಾಮೆರಾದ ಚೌಕಟ್ಟಿನಲ್ಲಿ ಗೂಡು ಕಾಣುತ್ತದೆ, ಗದ್ದೆ ಕಾಣುವುದಿಲ್ಲ. ಕೆಂಬರಲಿಗೆ ಕೆರೆಯೆಂಬುದು ಹೆರಿಗೆಮನೆ ಮಾತ್ರ; ಉಗ್ರಾಣವಿರುವುದು ಸುತ್ತಲಿನ ಭತ್ತದ ಗದ್ದೆಗಳಲ್ಲಿ. ನಾಟಿಯ ಹೊತ್ತಿಗೆ ಕೆಸರಿನಲ್ಲಿ ಸಿಗುವ ಕಪ್ಪೆ, ಏಡಿ, ಬಸವನಹುಳು, ಜಲಕೀಟಗಳಿಂದಲೇ ಅದರ ಮರಿಗಳು ಬೆಳೆಯುತ್ತವೆ. ಮಲೆನಾಡಿನಲ್ಲಿ ಆ ಗದ್ದೆಗಳು ಅಡಿಕೆ ತೋಟಗಳಾಗಿ ಮಾರ್ಪಡುತ್ತಿರುವುದು ಕಣ್ಣಿದ್ದವರಿಗೆಲ್ಲ ತಿಳಿದ ಸಂಗತಿ. ಅಡಿಕೆಯ ಬೇರು ನಿಂತ ನೀರನ್ನು ಸಹಿಸದು. ಆದ್ದರಿಂದ ತೋಟ ಮಾಡುವವನು ಮೊದಲು ತೋಡುವುದು ಬಸಿಗಾಲುವೆಯನ್ನು. ಮಳೆಗಾಲವಿಡೀ ಹಿಮ್ಮಡಿ ಮುಳುಗುವಷ್ಟು ನಿಲ್ಲುತ್ತಿದ್ದ ನೀರು ಅಂದಿನಿಂದ ನಿಲ್ಲದೆ ಹರಿದುಹೋಗುತ್ತದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರವು ಬಸವನಹುಳುವಿನ ಕುಲಕ್ಕೆ ವಿಷ. ಅದರ ಸಿಂಪಡಣೆಯೂ ಹಕ್ಕಿ ಗೂಡು ಕಟ್ಟುವ ಕಾಲದಲ್ಲಿಯೇ ನಡೆಯುತ್ತದೆ. ಭತ್ತದ ಗದ್ದೆಯಾದರೂ ಪೂರ್ತಿ ನಿರಪರಾಧಿಯಲ್ಲ. 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ನಿಷೇಧಕ್ಕೊಳಗಾದ ಫೋರೇಟ್ ಹರಳನ್ನು ಅದಕ್ಕೆ ಮುನ್ನ ದಶಕಗಳ ಕಾಲ ಬೆಳೆಗಳ ಬುಡಕ್ಕೆ ಸುರಿಯಲಾಯಿತು. ಹಕ್ಕಿಗಳನ್ನು ಅತ್ಯಲ್ಪ ಪ್ರಮಾಣದಲ್ಲಿಯೇ ಕೊಲ್ಲುವ ವಿಷವದು.

ಇಷ್ಟಾದರೂ ರೈತನನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದು ಅನ್ಯಾಯ. ಭತ್ತದಲ್ಲಿ ಬಿತ್ತಿದ ಖರ್ಚೂ ಹುಟ್ಟದೆ ಅವನು ಅಡಿಕೆಯತ್ತ ತಿರುಗಿದ್ದಾನೆ. ಹಕ್ಕಿಗಳನ್ನು ಇಷ್ಟು ಕಾಲ ಉಳಿಸಿಕೊಂಡು ಬಂದವರೂ ಹಳ್ಳಿಗರೇ. ತಮಿಳುನಾಡಿನ ವೇಡಂತಾಂಗಲ್‌ನ ರೈತರು ಕೆರೆಯ ಹಕ್ಕಿಗಳನ್ನು ಕಾಯುತ್ತಿದ್ದುದನ್ನು 1798ರಲ್ಲಿಯೇ ಅಂದಿನ ಕಲೆಕ್ಟರರು ಮಾನ್ಯ ಮಾಡಿದ್ದರು. ಹಕ್ಕಿಹಿಕ್ಕೆ ಬೆರೆತ ನೀರು ಗದ್ದೆಗೆ ಗೊಬ್ಬರವೆಂಬುದು ಆ ರೈತರ ಲೆಕ್ಕ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಹುಣಿಸೆಮರಗಳಲ್ಲಿಯೇ ಹೆಜ್ಜಾರ್ಲೆಗಳಿಗೂ ಬಣ್ಣದ ಕೊಕ್ಕರೆಗಳಿಗೂ ಗೂಡಿಗೆ ಜಾಗ ಬಿಟ್ಟುಕೊಟ್ಟವರು ಮಸೂರದ ಬೆಲೆ ತಿಳಿದವರಲ್ಲ. ಲಕ್ಷಾಂತರ ರೂಪಾಯಿಯ ಉಪಕರಣ ಹೆಗಲಿಗೇರಿಸಿ ಬಂದು, ಸೌದೆ ಆಯುವ ಹೆಂಗಸನ್ನು ಕಾಡು ಹಾಳು ಮಾಡುವವಳೆಂದು ಗದರುವ ಪ್ರೇಮಿಗೆ, ಆಕೆಯ ಗದ್ದೆ ಈ ವರ್ಷ ನಾಟಿಯಾಯಿತೇ ಎಂದು ವಿಚಾರಿಸಲು ಬಿಡುವಿರುವುದಿಲ್ಲ.

ಗೂಡಿನ ಕಾಲದಲ್ಲಿ ವೀಕ್ಷಣಾ ಗೋಪುರ ಬಿಟ್ಟು ಕೆರೆಯಂಚಿಗೆ ಕ್ಯಾಮೆರಾ ಇಳಿಯಬಾರದು. ಗೂಡಿನ ಸಮೀಪಚಿತ್ರಗಳನ್ನು ಸ್ಪರ್ಧೆಗಳು ತಿರಸ್ಕರಿಸಬೇಕು. ಪಕ್ಷಿಧಾಮದ ಹೆಸರಿನಲ್ಲಿ ಹುಟ್ಟುವ ಆದಾಯದಲ್ಲಿ, ಗದ್ದೆಯಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯುವ ನೆರೆಯ ರೈತನಿಗೆ ಪಾಲು ಸಲ್ಲಬೇಕು. ಇವು ಮೂರೂ ಅರಣ್ಯ ಇಲಾಖೆ, ಪಂಚಾಯಿತಿ ಮತ್ತು ಸಂಘಸಂಸ್ಥೆಗಳು ಮನಸ್ಸು ಮಾಡಿದರೆ ಆಗುವ ಕೆಲಸಗಳು.

ವಿದ್ಯಾರ್ಥಿಗಳ ಪಾಲಿಗೆ ಬೇರೊಂದು ಕೆಲಸ ಉಳಿದಿದೆ. ಜುಲೈಯಿಂದ ನವೆಂಬರ್‌ವರೆಗೆ ಪ್ರತಿ ಭಾನುವಾರ ಒಂದೇ ದಾರಿಯಲ್ಲಿ ನಡೆದು, ಯಾವ ಗದ್ದೆಯಲ್ಲಿ ನೀರಿದೆ, ಯಾವುದು ತೋಟವಾಗಿದೆ, ಯಾವುದರಲ್ಲಿ ಎಷ್ಟು ಕೆಂಬರಲು ಮೇಯುತ್ತಿವೆ ಎಂದು ಬರೆದಿಡುವುದು. ಕೆರೆಯ ಗೂಡುಗಳ ಏರಿಳಿತವನ್ನು ಈ ಲೆಕ್ಕದೊಂದಿಗೆ ಹೋಲಿಸಿ ನೋಡಬಹುದು. ಅದಕ್ಕೆ ಬೇಕಾದುದು ಒಂದು ಪುಸ್ತಕ, ಪೆನ್ಸಿಲು, ಕೊಡೆ. ಜಿಗಣೆಗೆಂದು ಒಂದಿಷ್ಟು ಸುಣ್ಣ.