ಚರ್ಚಾಪಟುಗಳ ಬೇಸಗೆಯ ಶಿಬಿರ

ಬೇಸಗೆಯ ರಜ ಬಂದಿತೆಂದರೆ ಕಾಲೇಜುಗಳ ತರುಣ ತರುಣಿಯರಿಗೆ ಚರ್ಚಾಕಲೆಯನ್ನು ಕಲಿಸುವ ಶಿಬಿರಗಳು ಅಲ್ಲಲ್ಲಿ ಏರ್ಪಡುವುದುಂಟು. ಉದ್ಯಮವು ಸ್ತುತ್ಯವೇ ಸರಿ. ಆದರೆ ಅವುಗಳ ಆರಂಭದ ದಿನಗಳು ಕಳೆಯುವ ರೀತಿಯನ್ನು ಕುರಿತು ಎರಡು ಮಾತು ಹೇಳದಿರಲಾರೆವು. ಮೊದಲ ದಿನ ಹಾರತುರಾಯಿ, ಗಣ್ಯರ ಉಪನ್ಯಾಸ. ಮರುದಿನ ಕೈಯೆತ್ತುವುದು ಹೇಗೆ, ಕಂಠವನ್ನು ಏರಿಸುವುದೆಲ್ಲಿ ಎಂಬ ಪಾಠ. ಮೂರನೆಯ ದಿನಕ್ಕೆ ಬಹುಮಾನದ ಪಂದ್ಯ. ಎದುರಾಳಿಯ ಮಾತನ್ನು ಕೇಳುವ ವಿದ್ಯೆಗೆ ಹೊತ್ತೇ ಉಳಿಯುವುದಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ವಿದ್ಯಾರ್ಥಿಗಳಿಗೆ ಇಂತಹದೊಂದು ಶಿಬಿರ ಬೇಕು. ಅದು ಲೊಕ್ಕನಹಳ್ಳಿಯಲ್ಲಿ ನಡೆಯಬೇಕೆಂಬುದು ನಮ್ಮ ಸೂಚನೆ. ವಾಚಕರು ನಗಬಾರದು. ಆ ಊರಿಗೆ ಸಮೀಪದ ಒಡೆಯರಪಾಳ್ಯದಲ್ಲಿ ೧೯೭೦ರ ದಶಕದಿಂದ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ್ದಾರೆ. ಅವರ ಜನವು ಜತನದಿಂದ ಕಾಪಾಡಿಕೊಂಡು ಬಂದ ವಾದಕ್ರಮವೊಂದುಂಟು; ಬೈಲುಕುಪ್ಪೆಯ ಸೇರಾ ಮಠದ ಅಂಗಳದಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಪ್ರಶ್ನಿಸುವವನು ನಿಂತು, ಕಾಲನ್ನು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಕೇಳುತ್ತಾನೆ. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ. ಕುಳಿತವನು ಉಪನ್ಯಾಸ ಮಾಡುವಂತಿಲ್ಲ. 'ಒಪ್ಪಿದೆ', 'ಏಕೆ?', 'ಹೇತು ಅಸಿದ್ಧ', 'ವ್ಯಾಪ್ತಿಯಿಲ್ಲ'—ಸ್ಥೂಲವಾಗಿ ಇಷ್ಟೇ ಅವನಿಗೆ ಅನುಮತವಾದ ಉತ್ತರಗಳು. ಎದುರಾಳಿಯ ಮಾತಿನಲ್ಲಿ ತಪ್ಪಿದ್ದರೆ ಅದು ಯಾವ ಕೀಲಿನಲ್ಲಿದೆ ಎಂಬುದನ್ನು ತೋರಿಸಬೇಕು. ಗದ್ದಲದಿಂದ ಮುಚ್ಚಲು ಎಡೆಯಿಲ್ಲ. ಈ ಶಬ್ದಗಳೇನು ಪರದೇಶದವೆ? ದಿಙ್ನಾಗ ಧರ್ಮಕೀರ್ತಿಗಳ ತರ್ಕವೇ ಹಿಮಾಲಯವನ್ನು ದಾಟಿಹೋಗಿ, ನಿರಾಶ್ರಿತರೊಡನೆ ಕನ್ನಡ ನಾಡಿಗೆ ಬಂದಿದೆ.

ನಾವು ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುತ್ತಿದ್ದಾಗ, ಸಹಪಾಠಿಯ ಪಕ್ಷವನ್ನು ಅವನೇ ತಲೆದೂಗುವಂತೆ ಅನುವಾದ ಮಾಡಿದ ಹೊರತು ಖಂಡನೆಗೆ ಬಾಯಿ ತೆರೆಯಲು ಗುರುಗಳು ಬಿಡುತ್ತಿರಲಿಲ್ಲ. ಆಗ ಅದು ಶಿಕ್ಷೆಯಾಗಿಯೇ ತೋರಿತ್ತು, ನಿಜ.

ಚೀಟಿಯೆತ್ತಿ ಬಂದ ಪಕ್ಷವನ್ನು ಸಮರ್ಥಿಸುವುದರಿಂದ ಮಕ್ಕಳ ನಾಲಿಗೆ ಬಾಡಿಗೆಯದಾಗುವುದೆಂದು ಕೆಲವು ಹಿರಿಯರು ಹೆದರುತ್ತಾರೆ. ಹೆದರಿಕೆ ನಿರಾಧಾರವಲ್ಲ. ಗೌತಮನ ನ್ಯಾಯಸೂತ್ರಗಳು ತತ್ತ್ವವನ್ನರಸುವ ವಾದ, ಗೆಲವಿಗಾಗಿ ನಡೆಯುವ ಜಲ್ಪ, ಸ್ವಪಕ್ಷವೇ ಇಲ್ಲದೆ ಪರರನ್ನು ಕೆಡಹುವ ವಿತಂಡ ಎಂದು ಮೂರನ್ನು ಬೇರ್ಪಡಿಸಿವೆ. ಇಂದಿನ ಪಂದ್ಯಗಳು ಬಹುಮಟ್ಟಿಗೆ ಎರಡನೆಯದರಲ್ಲಿ ತೊಡಗಿ ಮೂರನೆಯದರಲ್ಲಿ ಮುಗಿಯುತ್ತವೆ. ಮದ್ದು ಚೀಟಿಯನ್ನು ಬಿಡುವುದಲ್ಲ, ಅನುವಾದವನ್ನು ಕಡ್ಡಾಯ ಮಾಡುವುದು.

ವಿಷಯಕ್ಕೂ ದೂರ ಹೋಗಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟದ ಅರಣ್ಯವು ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, ೨೦೦೬ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಅಲ್ಲಿನ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೂ ಮನ್ನಣೆ ದೊರೆಯಿತು. ಕಾಡು ಯಾರ ಕೈಯಲ್ಲಿ ಕ್ಷೇಮ? ಅರಣ್ಯಾಧಿಕಾರಿಯ ಮಗನು ಸೋಲಿಗರ ಪಕ್ಷವನ್ನೂ ಸೋಲಿಗರ ಮಗಳು ಇಲಾಖೆಯ ಪಕ್ಷವನ್ನೂ ವಹಿಸಲಿ; ವಹಿಸಿ, 'ಹೌದು, ನಮ್ಮ ಮಾತು ಇದೇ' ಎಂದು ಎದುರಿನವರು ಒಪ್ಪುವ ತನಕ ಉತ್ತರವನ್ನು ತಡೆಹಿಡಿಯಲಿ. ಇದೆಲ್ಲವೂ ಕನ್ನಡದಲ್ಲಿಯೇ ನಡೆಯಬೇಕೆಂದು ಬೇರೆ ಹೇಳಬೇಕೆ? ಒಡೆಯರಪಾಳ್ಯದ ಭಿಕ್ಷುಗಳಲ್ಲಿ ಬಲ್ಲವರನ್ನು ಮೊದಲ ದಿನವೇ ಬರಮಾಡಿಕೊಂಡು, ನೋಡಿ ಕಲಿಯುವಂತಾಗಲಿ. ಗಣ್ಯರ ಉಪನ್ಯಾಸಕ್ಕೆ ನಾಲ್ಕನೆಯ ದಿನ ಇದ್ದೇ ಇದೆ.